ನಳನ ಪರವಾಗಿ ಎಷ್ಟು ಹೇಳಬಹುದು?

ಮಾನ್ಯರೇ,

ರಾಜ್ಯ ಕಳೆದುಕೊಂಡ ರಾಜ ನಳ ಹೆಂಡತಿ ದಮಯಂತಿಯನ್ನು ಕಾಡಿನಲ್ಲಿ ಬಿಟ್ಟುಹೋದದ್ದು ಕಲಿಪುರುಷನ ಕಾಟದಿಂದ, ಜೊತೆಗೆ ಅವಳಾದರೂ ತವರು ಸೇರಿಕೊಳ್ಳಲಿ ಎಂಬ ಕಾಳಜಿಯಿಂದ. ಅವನನ್ನು ದೂರುವುದು ಅನ್ಯಾಯ ಎಂದು ಬರೆದಿದ್ದೀರಿ. ಕನಕದಾಸರ ನಳಚರಿತ್ರೆಯನ್ನು ಕೇಳಿ ಬೆಳೆದವರಿಗೆ ಹಾಗನ್ನಿಸುವುದು ಸಹಜ. ಆದರೆ ಮೂಲ ಕಥೆ ಇರುವ ಮಹಾಭಾರತದ ವನಪರ್ವವನ್ನು ಬಿಡಿಸಿ ನೋಡಿದರೆ ನಿಮ್ಮ ಮಾತನ್ನು ಪೂರ್ತಿ ಒಪ್ಪಲಾಗದು.

ಕಾಲು ತೊಳೆಯದೆ ಸಂಧ್ಯೆಗೆ ಕೂತ ದಿನ ಕಲಿ ನಳನ ಮೈ ಹೊಕ್ಕ. ಜೂಜಿನಲ್ಲಿ ರಾಜ್ಯ ಹೋದದ್ದನ್ನು ಕಲಿಯ ತಲೆಗೇ ಕಟ್ಟೋಣ. ಆದರೆ ದಮಯಂತಿಯನ್ನು ಪಣಕ್ಕಿಡೆಂದು, ಜೂಜಿನಲ್ಲಿ ಗೆದ್ದ ಸೋದರ ಪುಷ್ಕರ ಕೆಣಕಿದಾಗ ನಳ ಮಾತಾಡದೆ ಒಡವೆಗಳನ್ನೆಲ್ಲ ಕಳಚಿ ಒಂಟಿ ಬಟ್ಟೆಯಲ್ಲಿ ಹೊರಟ. ಬೃಹದಶ್ವ ಋಷಿ ಈ ಕಥೆ ಹೇಳುತ್ತಿರುವುದು ದ್ರೌಪದಿಯನ್ನೇ ಪಣಕ್ಕಿಟ್ಟು ಕಾಡು ಸೇರಿದ ಧರ್ಮರಾಯನಿಗೆ! ಕಲಿ ಒಳಗಿದ್ದಾಗಲೂ 'ಒಲ್ಲೆ' ಎನ್ನುವ ಶಕ್ತಿ ನಳನಲ್ಲಿ ಉಳಿದಿತ್ತು ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕೆ? ಮಕ್ಕಳಿಬ್ಬರ ಗತಿಯನ್ನು ಯೋಚಿಸಿ, ಸಾರಥಿ ವಾರ್ಷ್ಣೇಯನ ಜೊತೆ ತನ್ನ ತವರಾದ ವಿದರ್ಭದ ಕುಂಡಿನಪುರಕ್ಕೆ ಕಳಿಸಿದವಳೂ ದಮಯಂತಿಯೇ.

ಇನ್ನು ಕಾಳಜಿ. ಕಾಡಿನಲ್ಲಿ ನಳ ವಿದರ್ಭದ ದಾರಿ ತೋರಿಸಿದಾಗ, ಹೋಗುವುದಾದರೆ ಇಬ್ಬರೂ ಹೋಗೋಣ, ಅಪ್ಪ ಗೌರವದಿಂದ ಇಟ್ಟುಕೊಳ್ಳುತ್ತಾನೆ ಎಂದು ಅವಳು ಅಂಗಲಾಚಿದಳು. ಸಿರಿವಂತನಾಗಿ ಹೋಗಿದ್ದ ಊರಿಗೆ ಈ ಸ್ಥಿತಿಯಲ್ಲಿ ಹೇಗೆ ಹೋಗಲಿ ಎಂದ ನಳ. ನನ್ನ ಮಟ್ಟಿಗೆ ಇಡೀ ಕಥೆಯ ಕೀಲಿ ಇಲ್ಲಿದೆ. ಈ ಮಾತಾಡುತ್ತಿರುವವನು ಕಲಿಯಲ್ಲ, ಸೋತ ಮುಖವನ್ನು ಮಾವನಿಗೆ ತೋರಿಸಲಾರದ ಅಳಿಯ.

ಅವನ ಬಟ್ಟೆಯನ್ನು ಹಕ್ಕಿಗಳು ಹೊತ್ತೊಯ್ದಿದ್ದವು, ಇಬ್ಬರಿಗೂ ಉಳಿದದ್ದು ಅವಳ ಒಂದೇ ವಸ್ತ್ರ. ಅವಳಿಗೆ ನಿದ್ದೆ ಹತ್ತಿದ ಮೇಲೆ ಅಲ್ಲೇ ಸಿಕ್ಕ ಕತ್ತಿಯಿಂದ ಅದರಲ್ಲಿ ಅರ್ಧ ಕತ್ತರಿಸಿಕೊಂಡ. ಹೋದ, ತಿರುಗಿ ಬಂದು ನೋಡಿ ಅತ್ತ, ಮತ್ತೆ ಹೋದ. ಕಲಿ ಒಂದು ಕಡೆ, ಪ್ರೀತಿ ಇನ್ನೊಂದು ಕಡೆ ಎಳೆಯುತ್ತಿತ್ತು ಎಂದು ವ್ಯಾಸರು ಹೇಳುತ್ತಾರೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಆದರೆ ಅವಳ ತೇಜಸ್ಸೇ ಅವಳನ್ನು ಕಾಯುತ್ತದೆ ಎಂಬ ಸಮಾಧಾನ ಅವನೇ ಹೆಣೆದುಕೊಂಡದ್ದು. ಅವಳನ್ನು ಹೆಬ್ಬಾವು ಹಿಡಿಯಿತು. ಬಿಡಿಸಿದ ಬೇಡನೇ ಅವಳ ಮೇಲೆ ಕಣ್ಣು ಹಾಕಿದ. ಜೊತೆ ಸಿಕ್ಕ ವರ್ತಕರ ತಂಡವನ್ನು ಕಾಡಾನೆಗಳು ತುಳಿದವು. ವಿದರ್ಭದ ರಾಜಕುಮಾರಿ ಚೇದಿಯ ಅರಮನೆಯಲ್ಲಿ ಸೈರಂಧ್ರಿ, ಅಂದರೆ ಸೇವಕಿಯಾದಳು.

ಅವನ ಪಶ್ಚಾತ್ತಾಪ ಸುಳ್ಳಲ್ಲ. ಅಯೋಧ್ಯೆಯಲ್ಲಿ ರೂಪ ಬದಲಾಗಿ ಬಾಹುಕನೆಂಬ ಹೆಸರಲ್ಲಿ ಸಾರಥಿಯಾಗಿದ್ದಾಗ, ಹಸಿದು ಬಳಲಿದ ಅವಳು ಎಲ್ಲಿ ಮಲಗಿದ್ದಾಳೋ ಎಂಬ ಒಂದೇ ಶ್ಲೋಕವನ್ನು ದಿನವೂ ಸಂಜೆ ಹೇಳಿಕೊಳ್ಳುತ್ತಿದ್ದ. ಮಕ್ಕಳನ್ನು ಕಂಡೊಡನೆ ಅಪ್ಪಿ ಅತ್ತ. ದಮಯಂತಿ ಅವನನ್ನು ಕ್ಷಮಿಸಿದ್ದಕ್ಕೆ ಇವೆಲ್ಲ ಸಾಕು. ಬಿಟ್ಟುಹೋದದ್ದು ಸರಿ ಎನ್ನಲು ಸಾಲದು.

ನೀವು ಪ್ರಸ್ತಾಪಿಸದ ಒಂದು ಪ್ರಸಂಗವಿದೆ. ನಾಲ್ಕನೆಯ ವರ್ಷ ಇಬ್ಬರೂ ಎದುರಾದಾಗ ನಳ, ಅದು ತಾನು ಮಾಡಿದ್ದಲ್ಲ, ಕಲಿ ಮಾಡಿಸಿದ್ದು ಎಂದ. ಬೆನ್ನಲ್ಲೇ ಎರಡನೆಯ ಸ್ವಯಂವರ ಸಾರಿಸಿದ್ದೇಕೆಂದು ಅವಳನ್ನು ಕೇಳಿದ. ಅವನನ್ನು ಕರೆಸಿಕೊಳ್ಳಲೆಂದೇ ಅವಳು ಹೂಡಿದ ಉಪಾಯವದು. ಅವಳು ಕೈಮುಗಿದು ಗಾಳಿ, ಸೂರ್ಯ, ಚಂದ್ರರ ಮೇಲೆ ಆಣೆ ಇಡಬೇಕಾಯಿತು, ಅವಳು ತಪ್ಪಿಲ್ಲವೆಂದು ವಾಯುವೇ ಆಕಾಶದಿಂದ ಸಾಕ್ಷಿ ನುಡಿಯಬೇಕಾಯಿತು. ನಳನಿಂದ ಅಲ್ಲಿ ಯಾರೂ ಆಣೆ ಕೇಳಲಿಲ್ಲ.

– ಸಂ.