ಹಡಗಿಗೆ ಇಂಧನ ತುಂಬಲು ಇಷ್ಟು ಚರ್ಚೆ ಬೇಕಿತ್ತೇ?

ಕುಶಾಲನಗರದಿಂದ ನಿವೃತ್ತ ಸುಬೇದಾರರೊಬ್ಬರು ಬರೆದಿದ್ದಾರೆ: "ಹೋದ ಸಂಚಿಕೆಯಲ್ಲಿ ಜಪಾನ್ ಬಗ್ಗೆ ಓದಿದೆ. ಹಿಂದೂ ಮಹಾಸಾಗರದಲ್ಲಿ ಮಿತ್ರದೇಶಗಳ ಹಡಗಿಗೆ ಇಂಧನ ಕೊಡುವುದಕ್ಕೆ ಸಂಸತ್ತಿನಲ್ಲಿ ತಿಂಗಳುಗಟ್ಟಲೆ ಜಗಳ. ಒಬ್ಬ ಪ್ರಧಾನಿಯೂ ಹೋದರು. ಇದು ಪ್ರಜಾಪ್ರಭುತ್ವವೋ, ಕಾಲಹರಣವೋ? ನಾನು 1987ರಲ್ಲಿ ಶ್ರೀಲಂಕಾದ ಜಾಫ್ನಾದಲ್ಲಿದ್ದವನು. ಸೈನಿಕನಿಗೆ ಬೇಕಿರುವುದು ಆದೇಶ, ಭಾಷಣ ಅಲ್ಲ."

ಸುಬೇದಾರ್ ಸಾಹೇಬರೇ, ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಜಾಫ್ನಾ ನೋಡಿ ಬಂದವರ ಮಾತನ್ನು ಸುಮ್ನೆ ತಳ್ಳಿಹಾಕಲು ಆಗುವುದಿಲ್ಲ. ಅದರಲ್ಲಿ ಹುರುಳೂ ಇದೆ. 1991ರ ಕೊಲ್ಲಿ ಯುದ್ಧಕ್ಕೆ ಜಪಾನ್ 1,300 ಕೋಟಿ ಡಾಲರ್ ಕೊಟ್ಟಿತ್ತು. ಯುದ್ಧ ಮುಗಿದ ಮೇಲೆ ಕುವೈತ್ ಹಾಕಿಸಿದ ಧನ್ಯವಾದದ ಜಾಹೀರಾತಿನಲ್ಲಿ ಅದರ ಹೆಸರೇ ಇರಲಿಲ್ಲ. ದುಡ್ಡು ಕೊಟ್ಟೂ ಮರ್ಯಾದೆ ಸಿಗಲಿಲ್ಲ ಎಂಬ ನೋವು ಅಲ್ಲಿನವರನ್ನು ಬಹಳ ಕಾಲ ಕಾಡಿತು. ಇಷ್ಟನ್ನು ಒಪ್ಪುತ್ತೇನೆ.

ಆದರೆ ಕಾಲಹರಣ ಅಂದಿರಲ್ಲ, ಅದನ್ನು ಒಪ್ಪಲಾರೆ. ಯುದ್ಧವನ್ನೇ ಕೈಬಿಟ್ಟ 9ನೇ ವಿಧಿ ಜಪಾನಿನ ಸಂವಿಧಾನದಲ್ಲಿದೆ. ಹಾಗಾಗಿ 2001ರ ಅಕ್ಟೋಬರಿನಲ್ಲಿ ಪ್ರಧಾನಿ ಕೊಯಿಜುಮಿ ಸರ್ಕಾರ ತಂದ ವಿಶೇಷ ಕಾನೂನಿಗೆ ಗಡುವು ಇತ್ತು. ಅಫ್ಘಾನಿಸ್ತಾನದ ಕಾರ್ಯಾಚರಣೆಗೆ ಪುಕ್ಕಟೆ ಇಂಧನ ಕೊಡಬಹುದು, ಆದರೆ ಮತ್ತೆ ಮತ್ತೆ ಸಂಸತ್ತಿಗೆ ಬಂದು ಕೇಳಬೇಕು. 2007ರಲ್ಲಿ ಮೇಲ್ಮನೆ ವಿರೋಧ ಪಕ್ಷದ ಕೈಗೆ ಹೋಯಿತು. ಅಮೆರಿಕದ ರಾಯಭಾರಿ ಪಕ್ಷದ ಕಚೇರಿಗೇ ಬಂದರೂ ಅದರ ನಾಯಕ ಇಚಿರೊ ಒಜಾವಾ ಬಗ್ಗಲಿಲ್ಲ. ಕ್ಯಾಮೆರಾಗಳ ಎದುರೇ ಆಗುವುದಿಲ್ಲ ಎಂದರು. ಸೆಪ್ಟೆಂಬರ್ 12ಕ್ಕೆ ಪ್ರಧಾನಿ ಶಿಂಜೊ ಅಬೆ ರಾಜೀನಾಮೆ ಘೋಷಿಸಿದರು. ಅವರ ಆರೋಗ್ಯವೂ ಕೆಟ್ಟಿತ್ತು. ನವೆಂಬರ್ 1ಕ್ಕೆ ಗಡುವು ಮುಗಿದು ಹಡಗುಗಳು ಊರಿನ ದಾರಿ ಹಿಡಿದವು. ಮತ್ತೆ ಹೊಸ ಮಸೂದೆ ಬಂತು. 2008ರ ಜನವರಿ 11ರಂದು ಮೇಲ್ಮನೆ ಅದನ್ನು ತಿರಸ್ಕರಿಸಿತು. ಅದೇ ದಿನ ಕೆಳಮನೆ ಮೂರನೇ ಎರಡರಷ್ಟು ಮತ ಹಾಕಿ ಪಾಸು ಮಾಡಿತು. ಹಾಗೆ ಆಗಿದ್ದು 57 ವರ್ಷಗಳ ಮೇಲೆ.

ಆ ತಿಂಗಳುಗಳಲ್ಲಿ ಏನು ಹೊರಬಿತ್ತು ನೋಡಿ. 2003ರ ಫೆಬ್ರವರಿಯಲ್ಲಿ ಜಪಾನಿನ ಟೊಕಿವಾ ಹಡಗು ಅಮೆರಿಕದ ಇಂಧನ ಹಡಗೊಂದಕ್ಕೆ ಎಣ್ಣೆ ಕೊಟ್ಟಿತ್ತು. ಆ ಹಡಗು ಕಿಟ್ಟಿ ಹಾಕ್ ಎಂಬ ವಿಮಾನವಾಹಕ ನೌಕೆಗೆ ಇಂಧನ ತುಂಬಿತು. ಕಿಟ್ಟಿ ಹಾಕ್ ಹೋಗಿದ್ದು ಇರಾಕ್ ಯುದ್ಧಕ್ಕೆ! ಆ ವರ್ಷವೇ ಪ್ರಶ್ನೆ ಎದ್ದಾಗ ಸರ್ಕಾರ ಕೊಟ್ಟ ಲೆಕ್ಕ 2 ಲಕ್ಷ ಗ್ಯಾಲನ್. ಅಷ್ಟು ಇಂಧನ ಬೇಗನೆ ಉರಿದುಹೋಗುತ್ತೆ, ಇರಾಕಿನವರೆಗೆ ಎಲ್ಲಿ ಬರುತ್ತೆ ಎಂಬ ಸಮಜಾಯಿಷಿ ಬೇರೆ. ನಾಗರಿಕರ ಶಾಂತಿ ಸಂಘಟನೆಯೊಂದು ಅಮೆರಿಕದ ಕಡತಗಳನ್ನು ತರಿಸಿ ನೋಡಿದರೆ ಅಲ್ಲಿದ್ದದ್ದು 8 ಲಕ್ಷ. ಪಟ್ಟಿ ಬರೆಯುವಾಗ ಇನ್ನೊಂದು ಹಡಗಿನ ಅಂಕಿ ಸೇರಿಹೋಗಿತ್ತು ಎಂದರು ಸರ್ಕಾರದವರು. ಆ ತಪ್ಪು ಆಗಲೇ ಗೊತ್ತಿದ್ದ ಅಧಿಕಾರಿ ಬಾಯಿ ಮುಚ್ಚಿಕೊಂಡಿದ್ದರು. ಅಂದು ಸರ್ಕಾರದ ಪರವಾಗಿ 2 ಲಕ್ಷ ಎಂದಿದ್ದ ಯಸುವೊ ಫುಕುಡಾ ಅಷ್ಟರಲ್ಲಿ ಪ್ರಧಾನಿಯಾಗಿದ್ದರು. ಸದನಕ್ಕೆ ಉತ್ತರ ಕೊಡುವ ಸರದಿ ಅವರದೇ ಆಯಿತು.

ಇನ್ನೊಂದು ಮಾತು, ನೀವು ಗಡಿ ಕಾಯ್ದವರು, ಅದಕ್ಕೇ ಹೇಳುತ್ತೇನೆ. ಇರಾಕಿನ ಸಮಾವಾಕ್ಕೆ ಪಡೆ ಕಳಿಸಿದಾಗ, ಯುದ್ಧವಿಲ್ಲದ ಪ್ರದೇಶ ಅಂದರೆ ಯಾವುದು ಎಂದು ಸಂಸತ್ತು ಕೇಳಿತು. ನಮ್ಮ ಪಡೆ ಎಲ್ಲಿ ಕೆಲಸ ಮಾಡುತ್ತಿದೆಯೋ ಅದೇ ಎಂದರು ಕೊಯಿಜುಮಿ. ಆ ಉತ್ತರ ನಂಬಿಕೊಂಡು ಮಗನನ್ನು ಕಳಿಸುತ್ತೀರಾ?

ನನ್ನ ಮನಸ್ಸು ಹೋಗುವುದು ತೆತ್ಸು ನಕಮುರಾ ಎಂಬ ವೈದ್ಯರ ಕಡೆಗೆ. ಕುಷ್ಠರೋಗಿಗಳ ಚಿಕಿತ್ಸೆಗೆಂದು 1984ರಲ್ಲೇ ಪೇಶಾವರಕ್ಕೆ ಹೋದವರು. 2001ರ ಅಕ್ಟೋಬರಿನಲ್ಲಿ ಸಂಸತ್ತಿನ ಸಮಿತಿ ಕರೆದಾಗ, ಪಡೆ ಕಳಿಸಿದರೆ ಲಾಭವಿಲ್ಲ, ಹಾನಿಯೇ ಎಂದರು. ಆಡಳಿತ ಪಕ್ಷದವರು ಕೂಗಾಡಿದರು, ಮಾತು ವಾಪಸ್ ತಗೊಳ್ಳಿ ಎಂದರು. ಅವರು ತಗೊಳ್ಳಲಿಲ್ಲ. 2003ರಲ್ಲಿ ಅಫ್ಘಾನಿಸ್ತಾನದ ಕುನಾರ್ ನದಿಯಿಂದ ಕಾಲುವೆ ತೋಡಲು ಶುರುಮಾಡಿದರು. ತಂತಿಬಲೆಯಲ್ಲಿ ಕಲ್ಲು ತುಂಬಿ ದಂಡೆ ಕಟ್ಟಿ, ಮಣ್ಣು ಹಿಡಿಯಲು ಸಾಲಾಗಿ ವಿಲೋ ಗಿಡ ನೆಟ್ಟರು. ಒಡ್ಡಿಗೆ ಮಾದರಿ ತಮ್ಮ ಫುಕುವೊಕಾ ಸೀಮೆಯ ಇನ್ನೂರು ವರ್ಷಕ್ಕಿಂತ ಹಳೆಯ ಒಡ್ಡು. ಸುಮಾರು 25 ಕಿಲೋಮೀಟರ್ ನೀರು ಹರಿದು ಮರುಭೂಮಿ ಹಸಿರಾಯಿತು. 2019ರಲ್ಲಿ ಜಲಾಲಾಬಾದಿನಲ್ಲಿ ಅವರನ್ನು ಗುಂಡಿಟ್ಟು ಕೊಂದರು. ಅಂಥ ಮನುಷ್ಯನ ಮಾತು ಸಂಸತ್ತಿನ ಕಡತದಲ್ಲಿ ಉಳಿದಿದೆ. ಚರ್ಚೆ ನಡೆದಿದ್ದರಿಂದ ತಾನೇ?

ನಮ್ಮ ಕಡೆ? 1991ರ ಜನವರಿಯಲ್ಲಿ ಕೊಲ್ಲಿಗೆ ಹೊರಟ ಅಮೆರಿಕದ ಸೇನಾ ವಿಮಾನಗಳು ಬೊಂಬಾಯಿಯಲ್ಲಿ ಇಂಧನ ತುಂಬಿಸಿಕೊಂಡವು. ಸುದ್ದಿ ಪತ್ರಿಕೆಗೆ ಬಂದ ಮೇಲೆ ಗದ್ದಲ ಎದ್ದು ನಿಲ್ಲಿಸಿದರು. ನಾನೇ ಒಮ್ಮೆ ಪತ್ರಕರ್ತರ ಗ್ಯಾಲರಿಯಲ್ಲಿ ಕೂತಿದ್ದೆ, ಯಾವ ಸದನ ಅಂತ ಬೇಡ. ಪಕ್ಕದ ವರದಿಗಾರ ಮಸೂದೆಯ ಹೆಸರು ಬರೆದುಕೊಳ್ಳುವಷ್ಟರಲ್ಲಿ ಅದು ಧ್ವನಿಮತದಿಂದ ಪಾಸಾಗಿತ್ತು. ಆ ಹುಡುಗ ಪೆನ್ನು ಹಿಡಿದುಕೊಂಡು ನನ್ನ ಮುಖ ನೋಡಿದ. ಈಗಂತೂ ಇದು ಜಾಸ್ತಿಯಾಗಿದೆ. ನನಗೆ ಸಂಕಟ ಆಗುವುದು ಇಲ್ಲೇ.

ಶ್ರೀಲಂಕಾ ಒಪ್ಪಂದಕ್ಕೆ ಸಹಿ ಬಿದ್ದದ್ದು 1987ರ ಜುಲೈ 29ಕ್ಕೆ. ಮರುದಿನವೇ ನಮ್ಮ ಸೇನೆ ಅಲ್ಲಿತ್ತು. ಸಾವಿರಕ್ಕೂ ಹೆಚ್ಚು ಯೋಧರು ಮರಳಲಿಲ್ಲ. ನಿಮಗೆ ಆದೇಶವೇನೋ ತಡವಿಲ್ಲದೆ ಸಿಕ್ಕಿತ್ತು, ಅಲ್ವಾ? ಹೊರಡುವಾಗ ನಿಮ್ಮ ತುಕಡಿಗೆ ಏನು ಹೇಳಿದ್ದರು? ಎಷ್ಟು ದಿನ, ಯಾರ ಎದುರು, ಯಾತಕ್ಕೆ ಎಂದು ಹೇಳಿದ್ದರಾ? ಅದನ್ನು ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಎರಡು ಪುಟ ನಿಮಗಾಗಿ ಇಟ್ಟಿರುತ್ತೇನೆ.

– ಸಂಪಾದಕ