ಮೂರು ಹೊಲಿಗೆಯ ರವಿಕೆ

ಮರೆವಿನ ಕಾಯಿಲೆಯಿರುವ ಹಿರಿಯರನ್ನು ನೋಡಿಕೊಳ್ಳುವವರು ಚಿಕ್ಕಮಗಳೂರಿನ ನನ್ನ ಆಪ್ತಸಲಹೆಯ ಕೊಠಡಿಗೆ ಬಂದಾಗ, ಹಿರಿಯರ ಊಟದಲ್ಲಿ ಏನೇನು ಕಡಿಮೆ ಮಾಡಿದ್ದೀರಿ ಎಂದು ಈಗ ತಪ್ಪದೆ ಕೇಳುತ್ತೇನೆ. ಹಾಗೆ ಕೇಳಬೇಕೆಂದು ನನಗೆ ತಿಳಿದದ್ದು ಮೂಡಿಗೆರೆ ಕಡೆಯ ಒಬ್ಬ ಮಹಿಳೆಯಿಂದ; ಆಮೇಲೆ ಅಂಥ ಇನ್ನೆರಡು ಮನೆಯವರು ಬಂದುದರಿಂದ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ಅವರಿಗೆ ಐವತ್ತರ ಆಸುಪಾಸು. ಎಪ್ಪತ್ತು ದಾಟಿದ ತಾಯಿಗೆ ಆಲ್ಝೈಮರ್ ಇದೆಯೆಂದು ವೈದ್ಯರು ಹೇಳಿ ಎರಡು ವರ್ಷವಾಗಿತ್ತು. ನನ್ನಲ್ಲಿಗೆ ಬಂದದ್ದು ನಿದ್ದೆ ಬರುವುದಿಲ್ಲವೆಂದು.

ಮೂರನೆಯ ಭೇಟಿಯ ದಿನ ಅವರು ದರ್ಜಿಯ ಅಂಗಡಿಗೆ ಹೊರಟಿದ್ದವರು, ಚೀಲದಿಂದ ತಾಯಿಯ ರವಿಕೆಯೊಂದನ್ನು ತೆಗೆದು, ಒಳಮಗ್ಗುಲು ತಿರುವಿ ಮೇಜಿನ ಮೇಲೆ ಹರಡಿದರು. ಪಕ್ಕದಲ್ಲಿ ಒಂದರ ಒಳಗೊಂದು ಮೂರು ಸಾಲು ಹೊಲಿಗೆಯಿತ್ತು. ಒಂದು ಮೆಷಿನ್ನಿನದು, ಎರಡು ಕೈಹೊಲಿಗೆ, ಕೊನೆಯದರ ನೂಲಿನ ಬಣ್ಣವೇ ಬೇರೆ. “ನೋಡಿ ಮೇಡಂ, ಅಮ್ಮನ ಕೊಬ್ಬು ಎಷ್ಟು ಕರಗಿಸಿದ್ದೀನಿ. ಕೊಬ್ಬಿನಿಂದ ಬರೋ ಹಾರ್ಮೋನು ಮಿದುಳು ಕೆಡಿಸುತ್ತಂತೆ. ತುಪ್ಪ, ಕಡುಬು ಅಂತ ತಿನ್ನಿಸಿ ನಾವೇ ಹಾಳು ಮಾಡಿದ್ವಿ. ಈಗ ರಾತ್ರಿ ಬರೀ ಗಂಜಿ ತಿಳಿ, ನಾನೂ ಅಷ್ಟೇ ಕುಡೀತೀನಿ” ಎಂದರು.

ಅಮ್ಮನಿಗೆ ಹಸಿವಾಗುವುದಿಲ್ಲವೇ ಎಂದು ಕೇಳಿದೆ.

“ಕೇಳ್ತಾರೆ. ಆಮೇಲೆ ಕೇಳಿದ್ದನ್ನೇ ಮರೀತಾರೆ.”

ಆಡಿದ ಮಾತು ಅವರ ಕಿವಿಗೂ ಆಗಲೇ ಬಿದ್ದಿರಬೇಕು. ರವಿಕೆಯನ್ನು ಮುದುರಿ ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ಅತ್ತರು. ನಾನು ಸಮಾಧಾನ ಮಾಡಲು ಹೋಗಲಿಲ್ಲ.

ಕೊಬ್ಬಿನ ಹಾರ್ಮೋನಿನ ಬಗ್ಗೆ ಮಗಳ ಕಿವಿಗೆ ಬಿದ್ದದ್ದರಲ್ಲಿ ಅರ್ಧ ನಿಜವಿದೆ, ಅದೇ ಅಪಾಯ. ಕೊಬ್ಬಿನ ಅಂಗಾಂಶವು ಬರಿಯ ದಾಸ್ತಾನಲ್ಲ, ಹಾರ್ಮೋನುಗಳನ್ನೂ ಸ್ರವಿಸುತ್ತದೆ. 1994ರಲ್ಲಿ ಪತ್ತೆಯಾದ ಲೆಪ್ಟಿನ್ ಎಂಬ ಹಾರ್ಮೋನು ಮೈಯಲ್ಲಿ ಕೊಬ್ಬಿನ ದಾಸ್ತಾನು ಎಷ್ಟಿದೆಯೆಂಬ ಸುದ್ದಿಯನ್ನು ಮಿದುಳಿಗೆ ಮುಟ್ಟಿಸಿ ಹಸಿವನ್ನು ತಗ್ಗಿಸುತ್ತದೆ. ನೆನಪಿಗೆ ಮುಖ್ಯವಾದ ಹಿಪೊಕ್ಯಾಂಪಸ್ ಎಂಬ ಮಿದುಳಿನ ಭಾಗದಲ್ಲೂ ಅದರ ಸುದ್ದಿಯನ್ನು ಹಿಡಿಯುವ ಗ್ರಾಹಕಗಳಿವೆ (ರಿಸೆಪ್ಟರ್). ಆದರೆ ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಅಧ್ಯಯನದಲ್ಲಿ 785 ಹಿರಿಯರನ್ನು ಸುಮಾರು ಎಂಟು ವರ್ಷ ಗಮನಿಸಿ 2009ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಲೆಪ್ಟಿನ್ ಹೆಚ್ಚಿದ್ದವರಲ್ಲಿ ಆಲ್ಝೈಮರ್ ಕಡಿಮೆ ಕಂಡುಬಂತು. ಬೊಜ್ಜಿನವರಲ್ಲಿ ಮಿದುಳು ಲೆಪ್ಟಿನ್ನಿಗೆ ಸರಿಯಾಗಿ ಓಗೊಡದಿರುವುದೂ ಉಂಟು. ಕೊಬ್ಬಿನದೇ ಇನ್ನೊಂದು ಹಾರ್ಮೋನು ಅಡಿಪೊನೆಕ್ಟಿನ್ ಒಳ್ಳೆಯದೆಂದು ಹೆಸರಾಗಿದ್ದರೂ, ಅದೇ ಅಧ್ಯಯನದ 2012ರ ವರದಿಯಲ್ಲಿ ಅದು ಹೆಚ್ಚಿದ್ದ ಮಹಿಳೆಯರಿಗೇ ಆಲ್ಝೈಮರ್ ಅಪಾಯ ಹೆಚ್ಚಿತ್ತು. ಇವೆಲ್ಲ ಜೊತೆಯಲ್ಲಿ ಕಂಡ ಸಂಗತಿಗಳೇ ಹೊರತು, ಒಂದರಿಂದ ಇನ್ನೊಂದಾಯಿತು ಎಂಬುದಕ್ಕೆ ಸಾಕ್ಷಿಯಲ್ಲ. ನಡುವಯಸ್ಸಿನ ಬೊಜ್ಜು ಮುಂದಿನ ಮರೆವಿನ ಅಪಾಯವನ್ನು ಹೆಚ್ಚಿಸುತ್ತದೆ. ಇಳಿವಯಸ್ಸಿನಲ್ಲಿ ತೂಕ ಇಳಿಯುವುದು, ಎಷ್ಟೋ ಸಲ ಮರೆವು ಗೊತ್ತಾಗುವುದಕ್ಕೂ ಮೊದಲೇ, ಕಾಯಿಲೆಯ ಜೊತೆಗೇ ಬರುತ್ತದೆ. ಐವತ್ತರ ಮಗಳಿಗೆ ಹೇಳುವ ಮಾತನ್ನು ಎಪ್ಪತ್ತು ದಾಟಿದ ತಾಯಿಯ ತಟ್ಟೆಗೆ ತರಬಾರದು.

ಅಂದೇ ರಾತ್ರಿಯಿಂದ ತಾಯಿಗೆ ಮೊದಲಿನ ಊಟ ಕೊಡಿ, ತುಪ್ಪವನ್ನೂ ಹಾಕಿ, ಅವರು ಕೇಳಿದಾಗಲೆಲ್ಲ ಸ್ವಲ್ಪ ಸ್ವಲ್ಪ ಬಡಿಸಿ ಎಂದೆ. ತೂಕ ಇಷ್ಟು ಇಳಿದದ್ದಕ್ಕೆ ಹಲ್ಲು, ನುಂಗುವ ತೊಂದರೆ, ಥೈರಾಯ್ಡ್ ಕಾರಣವಿರಬಹುದೇ ಎಂದು ನೋಡಲು ಆ ವಾರವೇ ವೈದ್ಯರಲ್ಲಿಗೆ ಕಳಿಸಿದೆ. ಆಪ್ತಸಲಹೆಗಾರರು ಅಡುಗೆಮನೆಯ ವಿಷಯಕ್ಕೆ ಹೋಗಬಾರದೆಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಒಪ್ಪಲಾರೆ. ಹಸಿದೆನೆಂದು ಹೇಳಿ ಅದನ್ನೇ ಮರೆಯುವ ಒಂದು ಜೀವದ ಪರವಾಗಿ ಯಾರಾದರೂ ನೆನಪಿಟ್ಟುಕೊಳ್ಳಬೇಕು. ಆ ಹೊತ್ತಿಗೆ ಅಲ್ಲಿದ್ದವಳು ನಾನು. ಮಗಳು ಕ್ರೂರಿಯಲ್ಲ. “ನಾವೇ ಹಾಳು ಮಾಡಿದ್ವಿ” ಎಂಬ ಪಾಪಪ್ರಜ್ಞೆಗೆ ಆ ಗಂಜಿ ತಿಳಿ ಪ್ರಾಯಶ್ಚಿತ್ತವಾಗಿತ್ತು. ಆಲ್ಝೈಮರ್ ಯಾರೋ ಬಡಿಸಿದ ಕಡುಬಿನಿಂದ ಬರುವ ಕಾಯಿಲೆಯಲ್ಲವೆಂದು ಎಷ್ಟು ಸಲ ಹೇಳಬೇಕಾಯಿತೋ, ಲೆಕ್ಕವಿಟ್ಟಿಲ್ಲ.

ಮಗಳಿಗೆ ಕೊಟ್ಟ ಸಲಹೆ ಬೇರೆ. ಸೊಂಟದ ಸುತ್ತಳತೆ 80 ಸೆಂಟಿಮೀಟರಿನೊಳಗೆ ಇರುವಂತೆ ನಡಿಗೆ, ಬಿಪಿ ಮತ್ತು ಶುಗರ್ ಪರೀಕ್ಷೆ, ಮಂದವಾಗಿದ್ದ ಕಿವಿಗೆ ಚಿಕಿತ್ಸೆ, ಮೂರು ಹೊತ್ತು ಊಟ. ಮರೆವಿನ ಅಪಾಯಕ್ಕೆ ಕಾರಣವಾಗುವ, ತಿದ್ದಿಕೊಳ್ಳಬಹುದಾದ 14 ಅಂಶಗಳನ್ನು ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ 2024ರ ತಜ್ಞರ ಆಯೋಗ ಪಟ್ಟಿಮಾಡಿದೆ. ಬೊಜ್ಜು ಅವುಗಳಲ್ಲಿ ಒಂದು ಮಾತ್ರ.

ತಾಯಿಗೆ ಈಗ ಕೇಳಿದಾಗ ಊಟ ಸಿಗುತ್ತಿದೆ. ಮಗಳು ಮಾತ್ರ ರಾತ್ರಿ ತಮ್ಮ ತಟ್ಟೆ ಹಾಕಿಕೊಳ್ಳಲು ಇನ್ನೂ ಹಿಂಜರಿಯುತ್ತಾರೆ. ನಮ್ಮ ಭೇಟಿಗಳು ಈಗ ಆ ಒಂದು ತಟ್ಟೆಯ ಸುತ್ತಲೇ ನಡೆಯುತ್ತಿವೆ.