ಕೊಕ್ಕೆ ಮೇಲಿನ ಭಾರ ಕಾರಿನ ಲೆಕ್ಕಕ್ಕೇ

ಕ್ಯಾರವಾನ್ ಟ್ರೇಲರ್ (ಕಾರಿನ ಹಿಂದೆ ಎಳೆಯುವ ಗಾಲಿ ಮನೆ) 900 ಕಿಲೋ, ಕಾರು ಹೊರುವುದು 450 ಕಿಲೋ, ಬದಿಯಡ್ಕದಿಂದ ಮಡಿಕೇರಿಗೆ ಹೊರಟರೆ ಟ್ರೇಲರ್ ಸಿಕ್ಕಿಸುವ ಕೊಕ್ಕೆ ಮೇಲೆ ಬೀಳುವ ಭಾರವನ್ನೂ ಕಾರಿಗೆ ಸೇರಿಸಬೇಕಾ ಅಂತ ಕೇಳಿದ್ದೀರಿ. ಸೇರಿಸಲೇಬೇಕು ಮಾರಾಯ್ರೆ. ಎಳೆಯುವ ಮಿತಿ ಬೇರೆ, ಹೊರುವ ಮಿತಿ ಬೇರೆ.

ಟ್ರೇಲರಿನ ತೂಕದಲ್ಲಿ ನೂರಕ್ಕೆ ಹತ್ತು ಕೊಕ್ಕೆಗೆ ಅಂತ ಹಿಡಿಯಿರಿ, 90 ಕಿಲೋ ಆಯ್ತು. ನಾಲ್ಕು ಜನ 280 ಕಿಲೋ ಅಂದ್ರೆ ಸಾಮಾನಿಗೆ ಉಳಿಯುವುದು ಬರೀ 80. ಇನ್ನೊಂದು ಸಂಗತಿ, ಕೊಕ್ಕೆ ಇರುವುದು ಹಿಂದಿನ ಚಕ್ರಕ್ಕಿಂತಲೂ ಹಿಂದೆ, ಹಾಗಾಗಿ ಅದು ಸನ್ನೆಕೋಲಿನ ಹಾಗೆ ಮುಂಭಾಗವನ್ನು ಎತ್ತುತ್ತದೆ: ಕಾರಿನ ಮುಂದಿನ, ಹಿಂದಿನ ಚಕ್ರಗಳ ನಡುವೆ 2.7 ಮೀಟರ್, ಕೊಕ್ಕೆ 1.1 ಮೀಟರ್ ಹಿಂದೆ ಇದ್ದರೆ ಹಿಂದಿನ ಚಕ್ರಗಳಿಗೆ ಬೀಳುವುದು 90 ಅಲ್ಲ, ಸುಮಾರು 127 ಕಿಲೋ, ಮುಂದೆ 37 ಕಿಲೋ ಹಗುರ. ಘಾಟಿಯ ತಿರುವಲ್ಲಿ ಸ್ಟೇರಿಂಗ್ ತೇಲಿದ ಹಾಗೆ ಅನಿಸುವುದು ಇದಕ್ಕೇ.

ಅಂದಾಜು ಬೇಡ, ಲಾರಿ ತೂಗುವ ವೇಬ್ರಿಡ್ಜಿಗೆ ಹೋಗಿ. ಜನ, ಸಾಮಾನು ಎಲ್ಲ ತುಂಬಿ ಮೊದಲು ಕಾರು ಮಾತ್ರ ತೂಗಿಸಿ, ಆಮೇಲೆ ಟ್ರೇಲರ್ ಸಿಕ್ಕಿಸಿ ಅದರ ಚಕ್ರ ಹೊರಗೇ ಇರುವಂತೆ ಮತ್ತೊಮ್ಮೆ. ವ್ಯತ್ಯಾಸವೇ ಕೊಕ್ಕೆಯ ಭಾರ. ಕೊಕ್ಕೆ ಮೇಲೆ ಬರೆದ ಮಿತಿಯನ್ನೂ ನೋಡಿ, ಅದು 75 ಅಂತಿದ್ದರೆ 90 ಹೇರುವಂತಿಲ್ಲ.

ಹಾಗಂತ ಕೊಕ್ಕೆ ಹಗುರ ಮಾಡಲು ಭಾರವನ್ನೆಲ್ಲ ಟ್ರೇಲರಿನ ಹಿಂದಕ್ಕೆ ತಳ್ಳಬೇಡಿ. ನಾನು ಒಮ್ಮೆ ಹಿಂದಿನ ನೀರಿನ ಟ್ಯಾಂಕ್ ತುಂಬಿಸಿಕೊಂಡು ಹೊರಟು, ಮುಳ್ಳೇರಿಯ ದಾಟುವಷ್ಟರಲ್ಲಿ ಟ್ರೇಲರ್ ಬಾಲ ಬೀಸಲು ಶುರುವಾಗಿತ್ತು. ಅರ್ಧ ನೀರು ಚೆಲ್ಲಿದ ಮೇಲೆಯೇ ಸರಿಹೋದದ್ದು.